ಹಳೆಯ ಡಿಂಗಿಯನ್ನು ಕೊಳ್ಳುವ ಮುನ್ನ

ಟೊರಾಂಟೊ ದ್ವೀಪಗಳ ಹ್ಯಾನ್ಲನ್ಸ್ ಪಾಯಿಂಟ್ ಬಳಿ ಹಾಯಿದೋಣಿಗೆ ಲಂಗರು ಹಾಕಿದ ಮೇಲೆ ದಡ ಸೇರಲು ಇನ್ನೊಂದು ಪುಟ್ಟ ದೋಣಿ ಬೇಕು. ಅದೇ ಡಿಂಗಿ, ಇಂಗ್ಲಿಷಿಗೆ ಈ ಪದ ಹೋದದ್ದು ನಮ್ಮ ಹಿಂದಿ, ಬಂಗಾಳಿಗಳಿಂದ. ಗಾಳಿ ತುಂಬುವ ಬಗೆಯದನ್ನು ಮಡಚಿಡಬಹುದಾದ್ದರಿಂದ ಸಣ್ಣ ಹಾಯಿದೋಣಿಯವರಿಗೆ ಅದೇ ಅನುಕೂಲ. ಹೊಸದು ದುಬಾರಿ. ಅಕ್ಟೋಬರಿನಲ್ಲಿ ದೋಣಿಗಳನ್ನು ನೀರಿನಿಂದ ಮೇಲೆತ್ತುವ ಹೊತ್ತಿಗೆ ಹಳೆಯವು ಮಾರಾಟಕ್ಕೆ ಬರುತ್ತವೆ.

ಮೊದಲು ಬಟ್ಟೆ ಯಾವುದೆಂದು ಕೇಳಬೇಕು. ಪಿವಿಸಿ ಅಗ್ಗ; ಆದರೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ಅದರ ಮೈ ಅಂಟಂಟಾಗುತ್ತದೆ. ಹಾಗಾದುದನ್ನು ಮುಟ್ಟಿ ನೋಡಿ ಅಲ್ಲಿಯೇ ಬಿಟ್ಟು ಬರುವುದು ಲೇಸು. ಹೈಪಲಾನ್ ಎಂಬ ಕೃತಕ ರಬ್ಬರು ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಡುಪಾಂಟ್ ಸಂಸ್ಥೆ 2010ರಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಿತಾದರೂ, ಬೇರೆಯವರು ತಯಾರಿಸುವ ಅದೇ ಬಗೆಯ ರಬ್ಬರನ್ನು ಜನ ಈಗಲೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ.

ಬಟ್ಟೆ ಗಟ್ಟಿಯಿದ್ದರೂ ಅಂಟು ಮುದಿಯಾಗಿರಬಹುದು. ನಾನು ಮೋಸಹೋದದ್ದು ಇಲ್ಲಿಯೇ. ಹೊಳೆಯುವ ಮೈಯನ್ನು ನೋಡಿ, ಅರ್ಧ ಗಂಟೆ ಗಾಳಿ ನಿಂತದ್ದನ್ನು ಕಂಡು ಕೊಂಡುಬಿಟ್ಟೆ. ಮರುವರ್ಷ ಮೇ ತಿಂಗಳಲ್ಲಿ, ಮೋಟಾರು ಕೂರಿಸುವ ಹಿಂಬದಿಯ ಹಲಗೆ ಒಂದು ಪಕ್ಕದಲ್ಲಿ ಕಳಚಿಕೊಂಡಿತು. ನಾನೂ ನನ್ನ ಪತ್ನಿಯೂ ಮೊಣಕಾಲುಮಟ್ಟದ ನೀರಿನಲ್ಲಿ ಕುಳಿತು ಹುಟ್ಟು ಹಾಕಿ ದಡ ಸೇರಿದೆವು. ದಡ ಹತ್ತಿರವಿದ್ದುದೇ ಪುಣ್ಯ. ಒಂಟಾರಿಯೊ ಸರೋವರ ಆಗ ಕೊರೆಯುವಷ್ಟು ತಣ್ಣಗಿರುತ್ತದೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇಂಥ ನೀರಿಗೆ ಬಿದ್ದವರಿಗಾಗಿ ‘1-10-1’ ಎಂಬ ಲೆಕ್ಕವನ್ನು ಪ್ರಚಾರಕ್ಕೆ ತಂದರು: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಸುಮಾರು 1 ಗಂಟೆ. ಲೈಫ್ ಜಾಕೆಟ್ ಇಲ್ಲದವರು ಕೊನೆಯ ಆ ಗಂಟೆಯನ್ನು ಕಾಣುವುದು ವಿರಳ.

ಆದ್ದರಿಂದ ದೋಣಿಗೆ ಪೂರ್ತಿ ಗಾಳಿ ತುಂಬಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಸ್ವಲ್ಪ ಮೆತ್ತಗಾಗಿದ್ದರೆ ಗಾಬರಿ ಬೇಡ. ಉಷ್ಣಾಂಶ 20 ಡಿಗ್ರಿಯಿಂದ 10ಕ್ಕೆ ಇಳಿದರೆ, ಕೊಳವೆಯಲ್ಲಿ ಸಾಮಾನ್ಯವಾಗಿರುವ 0.25 ಬಾರ್ ಒತ್ತಡ ಸೋರಿಕೆಯಿಲ್ಲದೆಯೇ 0.21ರ ಸುಮಾರಿಗೆ ಇಳಿಯುತ್ತದೆ. ಎಲ್ಲ ಕೋಣೆಗಳೂ ಸಮನಾಗಿ ಮೆತ್ತಗಾದರೆ ಅದು ಚಳಿಯ ಕೆಲಸ. ಒಂದೇ ಕುಗ್ಗಿದ್ದರೆ ಸೋರಿಕೆ. ರೋಗಿಯ ಎದೆಯ ಎರಡು ಪಕ್ಕಗಳನ್ನು ಹೋಲಿಸಿ ನೋಡುವಂತೆಯೇ ಇದು. ಸಾಬೂನಿನ ನೀರು ಬಳಿದರೆ ಗುಳ್ಳೆಗಳು ಜಾಗವನ್ನು ತೋರಿಸುತ್ತವೆ. ಕವಾಟದಲ್ಲಿ ಬಂದರೆ ಚಿಂತೆಯಿಲ್ಲ, ಅದನ್ನು ಬದಲಿಸಬಹುದು. ಜೋಡಣೆಯ ಉದ್ದಕ್ಕೂ ಬಂದರೆ ಬೇಡ. ರಾತ್ರಿ ಬಿಡಲು ಒಪ್ಪದವರೊಡನೆ ನಾನು ಬೆಲೆಯ ಮಾತನ್ನೇ ಎತ್ತುವುದಿಲ್ಲ.

ಹಿಂಬದಿಯ ಹಲಗೆಯನ್ನು ಬೆರಳಿನಿಂದ ತಟ್ಟಿ ಕೇಳಿ. ಕೊಳೆತ ಕಡೆ ಸದ್ದು ಮಂಕಾಗುತ್ತದೆ. (1761ರಲ್ಲಿ ಎದೆಯನ್ನು ತಟ್ಟಿ ನೋಡುವ ಪರೀಕ್ಷೆಯನ್ನು ಪ್ರಕಟಿಸಿದ ವೈದ್ಯ ಔಎನ್‌ಬ್ರುಗ್ಗರ್ ಛತ್ರದವರ ಮಗ.) ಹಲಗೆಯ ಅಂಚಿಗೆ ಉಗುರು ಹೊಕ್ಕರೆ ಅಲ್ಲಿ ಅಂಟು ಬಿಟ್ಟಿದೆ.

ಮೋಟಾರು ಎಷ್ಟೇ ಚಿಕ್ಕದಿದ್ದರೂ ಕೆನಡಾದಲ್ಲಿ ನಡೆಸುವವರಿಗೆ ಅರ್ಹತಾ ಕಾರ್ಡು ಬೇಕು. 10 ಅಶ್ವಶಕ್ತಿ ಅಥವಾ ಮೇಲ್ಪಟ್ಟರೆ ಡಿಂಗಿಗೂ ಪರವಾನಗಿ ಬೇಕು. ಮಾರುವವರ ಬಳಿ ಅದಿದ್ದರೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ.