ಘಟ್ಟ ಹತ್ತಿ ಕಂಡ ಬಿಡುಗಡೆ

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ನೆಲೆಸಿರುವ ಸಿದ್ದಿಯರ ಪೂರ್ವಜರು ಆಫ್ರಿಕಾದವರು. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಜನರನ್ನು ಹಡಗುಗಳಲ್ಲಿ ತಂದು ಗುಲಾಮರಾಗಿ ಮಾರಿದರು.

ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಗಡಿ ದಾಟಿದರೆ ಗೋವೆಯ ಆಡಳಿತದ ಕೈ ಅಷ್ಟು ಸುಲಭವಾಗಿ ಚಾಚುತ್ತಿರಲಿಲ್ಲ. ಬೆನ್ನಟ್ಟಿ ಬಂದವರಿಂದ ದಟ್ಟ ಕಾಡು ಮರೆ ಕೊಡುತ್ತಿತ್ತು. ಆ ಕಾಲುದಾರಿಗಳನ್ನು ಯಾರೂ ನಕ್ಷೆಯಲ್ಲಿ ಬರೆದಿಡಲಿಲ್ಲ. ಆದರೆ ಇಂದಿಗೂ ಅನೇಕ ಸಿದ್ದಿ ಮನೆಗಳಲ್ಲಿ ಆಡುವ ಕೊಂಕಣಿ, ಅವರು ಎಲ್ಲಿಂದ ಬಂದರೆಂಬುದಕ್ಕೆ ಸಾಕ್ಷಿ.

ಎಲ್ಲರೂ ಓಡಿಬಂದವರಲ್ಲ. ಒಡೆಯರಿಂದ ಬಿಡುಗಡೆ ಪಡೆದು ಬಂದವರೂ ಇದ್ದರು. ಆಫ್ರಿಕಾದಿಂದ ಬಂದವರೆಲ್ಲ ಕಾಡು ಸೇರಲೂ ಇಲ್ಲ: ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಮಂತ್ರಿಯಾಗಿ ಮೆರೆದ ಇಖ್ಲಾಸ್ ಖಾನ್ ಕೂಡ ಆಫ್ರಿಕಾ ಮೂಲದವನೇ.

ಕಾಡು ಸೇರಿದವರ ಕಷ್ಟ ಅಲ್ಲಿಗೇ ತೀರಲಿಲ್ಲ. ಸ್ವಂತ ಭೂಮಿಯಿಲ್ಲದೆ ಅನೇಕರು ತಲೆಮಾರುಗಟ್ಟಲೆ ಜಮೀನುದಾರರ ತೋಟ, ಗದ್ದೆಗಳಲ್ಲಿ ದುಡಿದರು. ಬಿಡುಗಡೆಯ ಕಥೆ ಹೇಳುವಾಗ ಈ ಭಾಗವನ್ನು ಕೈಬಿಟ್ಟರೆ ಅವರಿಗೆ ಅನ್ಯಾಯ ಮಾಡಿದಂತೆ. ಇದರ ನಡುವೆಯೇ ಸಿದ್ದಿಯರ ಡೋಲು ಡಮಾಮಿಯ ತಾಳ ಉಳಿಯಿತು, ಹಳೆ ಬಟ್ಟೆಯ ಚೂರುಗಳನ್ನು ಕೈಯಲ್ಲೇ ಹೊಲಿದು ಕೌದಿ ಮಾಡುವ ಹೆಂಗಸರ ಕಸುಬೂ ಉಳಿಯಿತು.

ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. 2020ರಲ್ಲಿ ಇದೇ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.