ವಿಳಂಬ

ಸಂಸ್ಕೃತದ 'ಲಂಬ್' ಧಾತುವಿಗೆ ತೂಗಾಡು, ಜೋತುಬೀಳು ಎಂಬ ಅರ್ಥ. 'ವಿ' ಉಪಸರ್ಗ ಸೇರಿ 'ವಿಲಂಬ'; ಕನ್ನಡದಲ್ಲಿ 'ವಿಳಂಬ'. ಎಂದರೆ ತಡ, ಸಾವಕಾಶ. ಸಂಗೀತದ ವಿಳಂಬ ಕಾಲ, ಅರವತ್ತು ಸಂವತ್ಸರಗಳಲ್ಲೊಂದಾದ ವಿಳಂಬಿ ಇದರ ಬಳಗ.

ಉಪಗ್ರಹ ಸಂಪರ್ಕದಲ್ಲಿ ಈ ಪದಕ್ಕೆ ಲೆಕ್ಕವೂ ಉಂಟು. ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಬೆಳಕಿನ ವೇಗದಲ್ಲೇ ಓಡಿದರೂ ಮಾತು ಹತ್ತಿ ಇಳಿಯಲು ಸುಮಾರು ಕಾಲು ಸೆಕೆಂಡ್ ಬೇಕು. ಉತ್ತರ ಮರಳಲು ಇನ್ನೊಂದು ಕಾಲು. ಅದಕ್ಕೇ ಟಿವಿ ನೇರಪ್ರಸಾರದಲ್ಲಿ ನಿರೂಪಕಿ ಪ್ರಶ್ನೆ ಮುಗಿಸಿದರೂ ವರದಿಗಾರ ಕಿವಿಗೆ ಕೈಯಿಟ್ಟು ತಲೆಯಾಡಿಸುತ್ತ ನಿಂತಿರುತ್ತಾನೆ. 'ಕೇಳಿಸ್ತಿದೆಯಾ?' ಎಂದು ಆಕೆ, 'ಕೇಳಿಸ್ತಿದೆ, ಹೇಳಿ' ಎಂದು ಆತ, ಎರಡೂ ಮಾತು ಡಿಕ್ಕಿ. ಮತ್ತೆ ಇಬ್ಬರೂ ಮೌನ! ನಮಗೆ ನಗು ಬರುವುದು ಸಹಜ. ತಪ್ಪು ಮಾತ್ರ ವರದಿಗಾರನದಲ್ಲ, ದೂರದ್ದು.