ಇ-ಡಿಸ್ಕವರಿ: ವೆಚ್ಚ ತಗ್ಗಿಸುವ ಯತ್ನಗಳ ಇತಿಹಾಸ

ಅಮೆರಿಕದ ಸಿವಿಲ್ ದಾವೆಗಳಲ್ಲಿ ವಿಚಾರಣೆಗೆ ಮೊದಲೇ ಎದುರು ಪಕ್ಷ ಕೇಳಿದ ದಾಖಲೆಗಳನ್ನು ಹುಡುಕಿ ಒಪ್ಪಿಸಬೇಕಾದ ಕ್ರಮಕ್ಕೆ ಡಿಸ್ಕವರಿ ಎಂದು ಹೆಸರು. 1938ರ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳು ಇದಕ್ಕೆ ಬುನಾದಿ. ಹುಡುಕುವ ಖರ್ಚು ಸಾಮಾನ್ಯವಾಗಿ ದಾಖಲೆ ಕೊಡುವವರದೇ. ಕಾಗದದ ಕಾಲದಲ್ಲಿ ಇದು ಹೇಗೋ ನಡೆಯಿತು. ಇ-ಮೇಲ್ ಮತ್ತು ಬ್ಯಾಕಪ್ ಟೇಪುಗಳು ಬಂದ ಮೇಲೆ ಈ ಹುಡುಕಾಟ, ಅಂದರೆ ಇ-ಡಿಸ್ಕವರಿ, ದೊಡ್ಡ ಕಂಪನಿಗಳಿಗೆ ಹೊರಲಾರದ ಭಾರವಾಯಿತು.

ಈ ಖರ್ಚನ್ನು ಯಾರು ಹೊರಬೇಕೆಂಬುದೇ ಮೊದಲು ಎದ್ದ ಪ್ರಶ್ನೆ. ನ್ಯೂಯಾರ್ಕಿನ ಜುಬುಲೇಕ್–ಯುಬಿಎಸ್ ವಾರ್ಬರ್ಗ್ ಪ್ರಕರಣದಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ 2003ರಲ್ಲಿ ಏಳು ಅಂಶಗಳ ಒರೆಗಲ್ಲನ್ನು ರೂಪಿಸಿದರು. ಟೇಪುಗಳಿಂದ ಇ-ಮೇಲ್ ಹೊರತೆಗೆಯಲು ಸುಮಾರು 1,66,000 ಡಾಲರ್, ಅವನ್ನು ವಕೀಲರು ಓದಲು ಸುಮಾರು 1,08,000 ಡಾಲರ್ ಎಂಬ ಅಂದಾಜಿತ್ತು. ಹೊರತೆಗೆಯುವ ಖರ್ಚಿನ ಕಾಲುಭಾಗವನ್ನು ವಾದಿಯ ಮೇಲೆ ಹಾಕಿದ ನ್ಯಾಯಾಲಯ, ಓದುವ ಖರ್ಚನ್ನು ಪೂರ್ತಿ ಪ್ರತಿವಾದಿ ಬ್ಯಾಂಕಾದ ಯುಬಿಎಸ್‌ಗೇ ಬಿಟ್ಟಿತು. ಫೆಡರಲ್ ನಿಯಮಗಳ 2006ರ ತಿದ್ದುಪಡಿ, ವಿಪರೀತ ಹೊರೆ ಅಥವಾ ಖರ್ಚಿನಿಂದಾಗಿ ಸುಲಭವಾಗಿ ಕೈಗೆಟುಕದ ಮಾಹಿತಿಗೆ ವಿನಾಯಿತಿಯ ದಾರಿ ತೆರೆಯಿತು.

ಆದರೆ ಖರ್ಚಿನ ಬೇರು ಇದ್ದದ್ದು ಓದುವುದರಲ್ಲಿ. 2012ರಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆ 8 ದೊಡ್ಡ ಕಂಪನಿಗಳ 57 ಪ್ರಕರಣಗಳನ್ನು ಪರಿಶೀಲಿಸಿದಾಗ, ದಾಖಲೆ ಒಪ್ಪಿಸುವುದಕ್ಕೆ ತಗಲುವ ಪ್ರತಿ ಡಾಲರಿನಲ್ಲಿ ಸುಮಾರು 73 ಸೆಂಟ್ ವಕೀಲರ ಓದಿಗೇ ಹೋಗುತ್ತಿತ್ತು. ವಕೀಲ ಮತ್ತು ಕಕ್ಷಿದಾರರ ನಡುವಿನ ಗೋಪ್ಯ ಪತ್ರ ಒಂದು ಜಾರಿದರೂ ಗೋಪ್ಯತೆಯ ಹಕ್ಕೇ ಹೋದೀತೆಂಬ ಭಯದಿಂದ ಪ್ರತಿ ಪುಟವನ್ನೂ ಓದಿಸಲಾಗುತ್ತಿತ್ತು. ಆ ಭಯವನ್ನು ತಗ್ಗಿಸಲೆಂದು 2008ರಲ್ಲಿ ಸಾಕ್ಷ್ಯ ನಿಯಮಗಳಿಗೆ 502ನೆಯ ನಿಯಮವನ್ನು ಸೇರಿಸಲಾಯಿತು: ತಕ್ಕ ಎಚ್ಚರಿಕೆ ವಹಿಸಿಯೂ ಕಣ್ತಪ್ಪಿನಿಂದ ಹೋದ ಪತ್ರವನ್ನು ತಕ್ಷಣ ಹಿಂದಕ್ಕೆ ಕೇಳಿದರೆ ಹಕ್ಕು ಉಳಿಯುತ್ತದೆ. ಇನ್ನೊಂದು ದಾರಿಯಾದ ಕಾನೂನು ಕೆಲಸದ ಹೊರಗುತ್ತಿಗೆಗೆ ಅಮೆರಿಕನ್ ಬಾರ್ ಅಸೋಸಿಯೇಷನ್ ಅದೇ ವರ್ಷ ಷರತ್ತಿನ ಒಪ್ಪಿಗೆ ಕೊಟ್ಟಿತು. ಓದುವ ಕೆಲಸದ ಒಂದು ಪಾಲು ಭಾರತದ ಕಾನೂನು ಪದವೀಧರರ ಕೈಗೆ ಬಂದು ಗಂಟೆಯ ದರವೇನೋ ಇಳಿಯಿತು; ಓದಬೇಕಾದ ರಾಶಿ ಕರಗಲಿಲ್ಲ.

ರಾಶಿಯನ್ನೇ ಕರಗಿಸುವ ಹಳೆಯ ಉಪಾಯ ಕೀವರ್ಡ್ ಹುಡುಕಾಟ. ಅದರ ದೌರ್ಬಲ್ಯವನ್ನು ಸಂಶೋಧಕರಾದ ಬ್ಲೇರ್ ಮತ್ತು ಮ್ಯಾರನ್ 1985ರಲ್ಲೇ ತೋರಿಸಿದ್ದರು: ಸುಮಾರು 40,000 ದಾಖಲೆಗಳ ಒಂದು ಪ್ರಕರಣದಲ್ಲಿ ವಕೀಲರು ಬೇಕಾದುದರಲ್ಲಿ ಮುಕ್ಕಾಲು ಪಾಲು ಸಿಕ್ಕಿತೆಂದು ನಂಬಿದ್ದರೂ ಸಿಕ್ಕದ್ದು ಸರಾಸರಿ ಐದರಲ್ಲೊಂದು ಪಾಲು. ಈ ಎಚ್ಚರಿಕೆಗೆ ಕಾನೂನು ಲೋಕ ಕಿವಿಗೊಡಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತೆಂಬುದು ಈ ಇತಿಹಾಸದ ದೊಡ್ಡ ನಷ್ಟ. ಅನುಭವಿ ವಕೀಲರು ಕೆಲವು ದಾಖಲೆಗಳನ್ನು ಗುರುತಿಸಿಕೊಟ್ಟರೆ, ಅದರಿಂದ ಕಲಿತ ಸಾಫ್ಟ್‌ವೇರ್ ಉಳಿದವನ್ನು ವಿಂಗಡಿಸುವ ವಿಧಾನವನ್ನು 2011ರಲ್ಲಿ ಸಂಶೋಧಕರಾದ ಗ್ರಾಸ್‌ಮನ್ ಮತ್ತು ಕಾರ್ಮಾಕ್ ಅಂಕಿಅಂಶಗಳೊಂದಿಗೆ ಸಮರ್ಥಿಸಿದರು: ಎಲ್ಲವನ್ನೂ ಮನುಷ್ಯರೇ ಓದುವುದಕ್ಕಿಂತ ಇದು ಹೆಚ್ಚು ನಿಖರವಾಗಬಲ್ಲದು, ಶ್ರಮವೂ ಬಹಳ ಕಡಿಮೆ. ಮರುವರ್ಷ ಫೆಬ್ರವರಿಯಲ್ಲಿ ಡಾ ಸಿಲ್ವಾ ಮೂರ್ ಪ್ರಕರಣದ ಸುಮಾರು 30 ಲಕ್ಷ ದಾಖಲೆಗಳಿಗೆ ನ್ಯಾಯಾಧೀಶ ಆಂಡ್ರ್ಯೂ ಪೆಕ್ ಈ ವಿಧಾನವನ್ನು ಒಪ್ಪಿದರು.

ದಾವೆಯ ಅಗತ್ಯಕ್ಕೆ ತಕ್ಕಷ್ಟೇ ಡಿಸ್ಕವರಿ ಎಂಬ ಪ್ರಮಾಣಬದ್ಧತೆಯ ತತ್ವ 2015ರ ತಿದ್ದುಪಡಿಯಿಂದ ಡಿಸ್ಕವರಿಯ ವ್ಯಾಪ್ತಿಯ ವ್ಯಾಖ್ಯೆಯೊಳಗೇ ಸೇರಿತು. ಇಂಗ್ಲೆಂಡಿನ ಹೈಕೋರ್ಟ್ 2016ರಲ್ಲಿ ಪಿರ‍್ರೋ ಪ್ರಕರಣದಲ್ಲಿ ಯಂತ್ರ ವಿಂಗಡಣೆಗೆ ಸಮ್ಮತಿಸಿತು. ಅದೇ ವರ್ಷ, ಆ ವಿಧಾನದ ಮುಖ್ಯ ಪ್ರತಿಪಾದಕರಾಗಿದ್ದ ಪೆಕ್ ಅವರೇ ಹೈಲ್ಸ್ ಪ್ರಕರಣದಲ್ಲಿ ಅದನ್ನು ಒಲ್ಲದ ಪಕ್ಷದ ಮೇಲೆ ಹೇರಲು ನಿರಾಕರಿಸಿದರು.